ಬಳೆ ಕೂಡುವ ಜಾಗದ ಆರು ಅಕ್ಷರ

ಗೋಂದಿನ ವಾಸನೆ ನನಗೆ ಆಗುವುದಿಲ್ಲ. ಕಳೆದ ವಾರ ನಾಗರಬಾವಿಯ ಜೆರಾಕ್ಸ್ ಅಂಗಡಿಯಲ್ಲಿ, ಕಾನೂನು ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆಗೆ ಬರೆದ ವಾದಪತ್ರವನ್ನು ಬೈಂಡ್ ಮಾಡಿಸಲು ನಿಂತಿದ್ದೆ. ಅಂಗಡಿಯವರು ಹಾಳೆಗಳ ಬೆನ್ನಿಗೆ ಬ್ರಷ್ಷಿನಿಂದ ಬಿಳಿ ಗೋಂದು ಬಳಿದು, ಮೇಲೊಂದು ಇಟ್ಟಿಗೆ ಹೇರಿಟ್ಟರು. ನಾನು ಅವಸರಕ್ಕೆ ಕೈ ಚಾಚಿದೆ.

"ತಡೀರಿ ಮೇಡಂ, ಗಮ್ ಇನ್ನಾ ಹಸಿ ಐತ್ರಿ," ಎಂದರು ಅವರು. "ಈಗ ತಗದ್ರ ಹಾಳಿ ಎಲ್ಲಾ ಬಿಚ್ಕೊಂತಾವ. ಆಮ್ಯಾಲ ನನಗ ಬೈಬ್ಯಾಡ್ರಿ."

ಹಸಿ ಗೋಂದು, ಬಿಚ್ಚಿಕೊಳ್ಳುವ ಕಾಗದ... ಅಷ್ಟು ಸಾಕಾಯಿತು. ಮೂರು ವರ್ಷದ ಹಿಂದಿನ ಒಂದು ಕೋಣೆ, ಕೋಣೆಯಲ್ಲೊಂದು ಗಾಜಿನ ಮೇಜು, ಮೇಜಿನ ಮೇಲೆ ಬಿಚ್ಚಿಕೊಂಡ ಒಂದು ಕಾಗದದ ಬಳೆ, ಅದನ್ನೇ ನೋಡುತ್ತ ಕೂತಿದ್ದ ನಮ್ಮ ಲ್ಯಾಬ್ ಮೇಡಂ...

ಮೊದಲೇ ಹೇಳಿಬಿಡುತ್ತೇನೆ. ನನಗೆ ಅವರು ಇಷ್ಟವಿರಲಿಲ್ಲ. ಹಳೆಯ ಗುರುಗಳನ್ನು ನೆನೆಯಲು ಕೂತವರೆಲ್ಲ ಬೈಗುಳವನ್ನು ವಾತ್ಸಲ್ಯವೆಂದೂ ಸಿಡುಕನ್ನು ಶಿಸ್ತೆಂದೂ ತಿದ್ದಿ ಬರೆಯುವುದನ್ನು ನೋಡಿದ್ದೇನೆ. ನಾನು ಹಾಗೆ ತಿದ್ದುವುದಿಲ್ಲ. ಬೈಗುಳ ಬೈಗುಳವೇ. ಕಾಲ ಕಳೆದ ಮಾತ್ರಕ್ಕೆ ಅದು ಸಿಹಿಯಾಗುತ್ತದೆ ಎನ್ನುವವರು ಅದನ್ನು ತಿಂದವರಲ್ಲ.

ಆಗ ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಅವರು ಅಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ. ಪ್ರತಿ ವರ್ಷ ತರಗತಿಗಳು ಮುಗಿಯುವ ಹೊತ್ತಿಗೆ, ಮುಂದಿನ ವರ್ಷಕ್ಕೆ ಇವರನ್ನು ಕರೆಯಬೇಕೋ ಬೇಡವೋ ಎಂದು ಪ್ರಿನ್ಸಿಪಾಲರು ತೀರ್ಮಾನಿಸುತ್ತಿದ್ದರು. ಒಂದು ಕಾಗದ ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ. ಹಾಗೆ ಒಂಬತ್ತು ವರ್ಷದಿಂದ ಕಾಗದ ಬರುತ್ತಲೇ ಇತ್ತು. ಕುರುಬರಹಳ್ಳಿಯ ಬಾಡಿಗೆ ಮನೆಯಿಂದ ಬೂದು ಬಣ್ಣದ ಸ್ಕೂಟರಿನಲ್ಲಿ ಬರುತ್ತಿದ್ದರು. ಲ್ಯಾಬಿನ ಬಾಗಿಲು ದಾಟಿದ ಮೇಲೂ ಹೆಲ್ಮೆಟ್ ತೆಗೆಯದೆ, ಅದರೊಳಗಿನಿಂದಲೇ ಬೈಯಲು ಶುರು ಮಾಡುತ್ತಿದ್ದರು. ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಬೈಗುಳ ಎಂದು ಮಾತ್ರ ಗೊತ್ತಾಗುತ್ತಿತ್ತು.

ಅವರು ಕಲಿಸುತ್ತಿದ್ದದ್ದು ಡಿಎನ್‌ಎ ಸಾಲುಗಳಲ್ಲಿ ಹುಡುಕುವುದನ್ನು. ಡಿಎನ್‌ಎಯನ್ನು ಓದಿದಾಗ ಸಿಗುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಸಾವಿರಗಟ್ಟಲೆ ಸಲ ಬಂದುಹೋಗುವ ಉದ್ದನೆಯ ಸಾಲು. ಆ ಸಾಲಿನಲ್ಲಿ ನಮಗೆ ಬೇಕಾದ ತುಣುಕು ಎಲ್ಲೆಲ್ಲಿದೆ ಎಂದು ಪತ್ತೆ ಹಚ್ಚಬೇಕು. ಉದಾಹರಣೆಗೆ ಜಿ-ಎ-ಎ-ಟಿ-ಟಿ-ಸಿ. ಈ ಆರು ಅಕ್ಷರ ಒಟ್ಟಿಗೆ ಕಂಡಲ್ಲಿ ಡಿಎನ್‌ಎಯನ್ನು ಕತ್ತರಿಸುವ ಒಂದು ಕಿಣ್ವವಿದೆ. ಎಷ್ಟು ಕಡೆ ಕಂಡಿತೋ ಅಷ್ಟು ಕಡೆ ಕತ್ತರಿ ಬೀಳುತ್ತದೆ. ಇದಕ್ಕೆ ಆನ್‌ಲೈನ್ ಟೂಲ್‌ಗಳಿವೆ. ದೊಡ್ಡ ಚೌಕದಲ್ಲಿ ಸಾಲನ್ನು ಪೇಸ್ಟ್ ಮಾಡಿ, ಚಿಕ್ಕ ಚೌಕದಲ್ಲಿ ಬೇಕಾದ ತುಣುಕನ್ನು ಟೈಪ್ ಮಾಡಿ ಗುಂಡಿ ಒತ್ತಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟು ಕಡೆ, ಯಾವ ಯಾವ ಜಾಗ ಎಂದು ಬಂದುಬಿಡುತ್ತದೆ.

ನಮ್ಮ ಮೇಡಂ ಅದನ್ನು ಒತ್ತಲು ಬಿಡುತ್ತಿರಲಿಲ್ಲ.

ಮೊದಲು ಪ್ರಿಂಟ್ ತೆಗೆಯಬೇಕು. ಪೆನ್ಸಿಲ್ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತ ಹುಡುಕಬೇಕು. ಸಿಕ್ಕದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಕಂಪ್ಯೂಟರ್ ಆಮೇಲೆ. ಅದಾದರೂ ಸರಿ, ಬ್ಯಾಕ್ಟೀರಿಯಾದಲ್ಲಿ ಸಿಗುವ ದುಂಡನೆಯ ಡಿಎನ್‌ಎ ಇರುತ್ತದಲ್ಲ, ಅದನ್ನು ಕೊಟ್ಟ ದಿನ ಇನ್ನೊಂದು ಶಾಸ್ತ್ರ ಇತ್ತು. ಪ್ರಿಂಟಿನ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಕತ್ತರಿಯಿಂದ ಕತ್ತರಿಸಿ, ಕೊನೆಯದರ ಬಾಲಕ್ಕೆ ಮೊದಲನೆಯದರ ತಲೆಯನ್ನು ಗೋಂದಿನಿಂದ ಅಂಟಿಸಬೇಕು. ಉಳಿದೆರಡು ತುದಿಗಳನ್ನೂ ಕೂಡಿಸಿ ಅಂಟಿಸಿ, ಅಲ್ಲಿ ಮೂರು ಚುಕ್ಕೆ ಇಡಬೇಕು. ನಡುವಿನ ಸಾವಿರಾರು ಅಕ್ಷರಗಳು ಆ ಚುಕ್ಕೆಗಳೊಳಗೆ ಇವೆ ಎಂದು ಲೆಕ್ಕ. ಆಗ ಅದೊಂದು ಕಾಗದದ ಬಳೆ ಆಗುತ್ತಿತ್ತು. ಇಪ್ಪತ್ತು ದಾಟಿದ ಹುಡುಗಿಯರು ನಾವು ಲ್ಯಾಬಿನಲ್ಲಿ ಕೂತು ಬಳೆ ಅಂಟಿಸುತ್ತಿದ್ದೆವು. ಮಧ್ಯಾಹ್ನವೆಲ್ಲ ಗೋಂದಿನ ವಾಸನೆ.

"ಯಾಕೆ ಮೇಡಂ?" ಎಂದು ಕೇಳಿದೆ. ಇದು ನನ್ನ ಬಾಯಲ್ಲಿ ಸದಾ ಇರುವ ಪದ. ಕಾಲೇಜಿನ ಚರ್ಚಾ ತಂಡದಲ್ಲಿ ಮೂರು ವರ್ಷ ತಿದ್ದಿಸಿಕೊಂಡವಳು ನಾನು. ಕಾರಣ ಕೊಡದ ಮಾತು ಮಾತೇ ಅಲ್ಲ ಎಂದು ಅಲ್ಲಿ ಕಲಿಸಿದ್ದರು.

"ಏನಮ್ಮಾ ಲಾಯರಮ್ಮ, ಹೇಳಿದ್ದು ಮಾಡಕ್ಕೂ ಆರ್ಡರ್ ಕಾಪಿ ಬೇಕಾ?" ಎಂದರು. "ಬಾಯಿ ಓಡುತ್ತೆ ಅಂತ ತಲೆನೂ ಓಡ್ತಾ ಇದೆ ಅನ್ಕೋಬೇಡ. ಅಂಟಿಸು."

ಅಂದಿನಿಂದ ನಾನು ಲಾಯರಮ್ಮ. ಇಡೀ ತರಗತಿ ನಕ್ಕಿತು. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಈ ಒಂದು ಅಂಶವನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ: ಅವತ್ತು ಎರಡು ನಿಮಿಷ ನಿಂತು ಕಾರಣ ಹೇಳಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಕೆಂಗೇರಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿದ್ದ ಸೂಚನೆಗಳನ್ನು ಗಟ್ಟಿಯಾಗಿ ಓದು ಎಂದು ಮೇಡಂ ಅವಳನ್ನೇ ನಿಲ್ಲಿಸುತ್ತಿದ್ದರು. ಅವಳು ತಡವರಿಸುತ್ತಿದ್ದಳು. "ಇಷ್ಟ್ ಓದಕ್ಕೂ ಬರಲ್ಲ, ಜೀನ್ ಓದ್ತೀನಿ ಅಂತ ಬಂದಿದೀಯ," ಎಂದು ಒಮ್ಮೆ ಅಂದರು. ಅವಳ ಕಿವಿ ಕೆಂಪಾದದ್ದು ನನಗೆ ಪಕ್ಕದಿಂದ ಕಂಡಿತು. ಇನ್ನೊಮ್ಮೆ ಇನ್ನೊಬ್ಬಳ ರೆಕಾರ್ಡನ್ನು ನೆಲಕ್ಕೆ ಬಿಸಾಕಿದರು. ಇವನ್ನೆಲ್ಲ ನಾನು ಕಟ್ಟಿ ಹೇಳುತ್ತಿಲ್ಲ. ನಡೆದದ್ದು ಇದು.

ಕಾಲೇಜು ಮುಗಿಯಲು ಒಂದು ತಿಂಗಳಿರುವಾಗ ಹೊಸದೊಂದು ದುಂಡು ಡಿಎನ್‌ಎ ಕೊಟ್ಟರು. ಜಿ-ಎ-ಎ-ಟಿ-ಟಿ-ಸಿ ಎಷ್ಟು ಕಡೆ ಇದೆ? ನಾನು ಬಳೆ ಅಂಟಿಸಲಿಲ್ಲ, ಪೆನ್ಸಿಲ್ ಮುಟ್ಟಲಿಲ್ಲ. ನೇರವಾಗಿ ಟೂಲಿನಲ್ಲಿ ಹಾಕಿದೆ. ಸೊನ್ನೆ ಬಂತು. ರೆಕಾರ್ಡಿನಲ್ಲಿ ಸೊನ್ನೆ ಬರೆದೆ.

ಮೇಡಂ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. "ಒಂದು ಕಡೆ ಇದೆ. ಮತ್ತೆ ಮಾಡು."

"ಮೇಡಂ, ಟೂಲ್ ಸೊನ್ನೆ ಅಂತಿದೆ. ನಾಲ್ಕು ಸಲ ಹಾಕ್ದೆ."

"ನಲವತ್ತು ಸಲ ಹಾಕು. ಕಣ್ಣು ಹಾಕದೆ ಬರೀ ಬೆರಳು ಹಾಕಿದ್ರೆ ಅಷ್ಟೇ ಬರೋದು. ಮತ್ತೆ ಮಾಡ್ದಿದ್ರೆ ಸಹಿ ಇಲ್ಲ."

ಸಹಿ ಇಲ್ಲದಿದ್ದರೆ ರೆಕಾರ್ಡ್ ಅಪೂರ್ಣ. ರೆಕಾರ್ಡ್ ಅಪೂರ್ಣವಾದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಅಂದು ಸಂಜೆಯೇ ನಾನು ಪ್ರಿನ್ಸಿಪಾಲರಿಗೆ ದೂರು ಬರೆದೆ. ಎರಡು ಪುಟ. ಭಾಷೆ ಎಲ್ಲೂ ಬಿಸಿಯಾಗದಂತೆ ನೋಡಿಕೊಂಡೆ, ಬಿಸಿ ಮಾತಿಗಿಂತ ತಣ್ಣನೆಯದು ಆಳಕ್ಕೆ ಇಳಿಯುತ್ತದೆ ಎಂದು ಗೊತ್ತಿತ್ತು. ವಿದ್ಯಾರ್ಥಿನಿಯರನ್ನು ಅವಮಾನಿಸುತ್ತಾರೆ, ಕಾರಣ ಕೇಳಿದರೆ ಗೇಲಿ ಮಾಡುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾದ ಉತ್ತರವನ್ನು ತಪ್ಪೆಂದು ಹೊಡೆದು ಹಾಕುತ್ತಾರೆ, ಎಂದರೆ ಅವರಿಗೆ ವಿಷಯವೇ ಬರುವುದಿಲ್ಲ. ಟೂಲಿನ ಸೊನ್ನೆಯ ಪ್ರಿಂಟನ್ನು ಕೊನೆಗೆ ಪಿನ್ ಮಾಡಿದೆ. ಅದು ನನ್ನ ಸಾಕ್ಷಿ. ಬೈಯುವವರನ್ನು ಕಾಲೇಜು ಸಹಿಸಿಕೊಳ್ಳುತ್ತದೆ, ವಿಷಯ ಬರದವರನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ನನ್ನ ಲೆಕ್ಕ. ತರಗತಿಯ ಇಪ್ಪತ್ತಾರು ಜನರಲ್ಲಿ ಇಪ್ಪತ್ತೈದು ಜನ ಸಹಿ ಹಾಕಿದೆವು.

ಹಾಕದವಳು ಕೆಂಗೇರಿಯವಳು.

"ನಿನಗೇ ಎಲ್ಲರಿಗಿಂತ ಜಾಸ್ತಿ ಅವಮಾನ ಆಗಿರೋದು," ಎಂದೆ.

"ಆಗಿದೆ. ಆದ್ರೆ ಸಾಯಂಕಾಲ ನನ್ನೊಬ್ಬಳನ್ನೇ ಕೂರಿಸ್ಕೊಂಡು ಹೇಳ್ಕೊಡ್ತಾರೆ ಕಣೇ," ಎಂದಳು. "ಬೆಳಿಗ್ಗೆ ಬೈತಾರೆ, ಸಾಯಂಕಾಲ ಹೇಳ್ಕೊಡ್ತಾರೆ. ನಿಂಗೆ ಬರೀ ಬೆಳಿಗ್ಗೆ ಗೊತ್ತು."

"ಸಾಯಂಕಾಲ ಹೇಳಿಕೊಟ್ರೆ ಬೆಳಿಗ್ಗೆದು ಮಾಫಿನಾ?"

"ನಾನು ವಾದ ಮಾಡ್ತಾ ಇಲ್ಲ. ಸಹಿ ಹಾಕಲ್ಲ ಅಂದೆ ಅಷ್ಟೇ."

ವಾದ ಮಾಡದವರ ಎದುರು ಗೆಲ್ಲುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವಳನ್ನು ಬಿಟ್ಟು ಮುಂದೆ ಹೋದೆ.

ಮೂರನೆಯ ದಿನ ಪ್ರಿನ್ಸಿಪಾಲರು ನನ್ನನ್ನೂ ಮೇಡಂ ಅವರನ್ನೂ ಕರೆಸಿದರು. ಅವರು ಕಾಮರ್ಸಿನವರು, ಸೌಮ್ಯ ಮನುಷ್ಯ. ಗಾಜಿನ ಮೇಜಿನ ಮೇಲೆ ನನ್ನ ದೂರು, ಅದರ ಮೇಲೆ ಸೊನ್ನೆಯ ಪ್ರಿಂಟು. ಮೇಡಂ ಆಗಷ್ಟೇ ಲ್ಯಾಬಿನಲ್ಲಿ ಅಂಟಿಸಿದ ಕಾಗದದ ಬಳೆಯನ್ನು ಬೆರಳತುದಿಯಲ್ಲಿ ಹಿಡಿದು ಬಂದರು. ಮೊದಲ ಬಾರಿಗೆ ಅವರು ಕೂರಲು ಇನ್ನೊಬ್ಬರ ಅಪ್ಪಣೆ ಕಾಯುವುದನ್ನು ನೋಡಿದೆ. ನನಗೆ ಖುಷಿಯಾಯಿತು. ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು.

"ಏನ್ ಮೇಡಂ, ಕಂಪ್ಯೂಟರ್ರೂ ಸುಳ್ಳು ಹೇಳುತ್ತಾ?" ಎಂದರು ಪ್ರಿನ್ಸಿಪಾಲರು.

"ಸುಳ್ಳಲ್ಲ ಸಾರ್. ಇದು ದುಂಡಗಿರೋದು, ನೋಡಿ ಹೀಗೆ. ಇದಕ್ಕೆ ಶುರುನೂ ಇಲ್ಲ, ಕೊನೆನೂ ಇಲ್ಲ. ಕಂಪ್ಯೂಟರಲ್ಲಿ ಇಡಬೇಕಂದ್ರೆ ಎಲ್ಲೋ ಒಂದ್ ಕಡೆ ಕತ್ತರಿಸಿ ಸಾಲು ಮಾಡಿರ್ತಾರೆ. ಆ ಕತ್ತರಿಸಿದ ಜಾಗದಲ್ಲೇ..."

ಅಷ್ಟರಲ್ಲಿ ಬಳೆ ಬಿಚ್ಚಿಕೊಂಡಿತು. ಗೋಂದು ಒಣಗಿರಲಿಲ್ಲ. ಕಾಗದ ಗಾಜಿನ ಮೇಲೆ ಉದ್ದಕ್ಕೆ ಬಿದ್ದುಕೊಂಡಿತು. ಪ್ರಿನ್ಸಿಪಾಲರು ಸಣ್ಣಗೆ ನಕ್ಕರು. ಮೇಡಂ ಎರಡು ತುದಿಗಳನ್ನು ಒತ್ತಿ ಹಿಡಿದರು, ಅದು ಮತ್ತೆ ಬಿಚ್ಚಿಕೊಂಡಿತು.

ಕಾಗದ ನನ್ನ ಕಡೆಗೇ ತಿರುಗಿತ್ತು. ಒಂದು ತುದಿಯ ಕೊನೆಯ ಮೂರು ಅಕ್ಷರ ಜಿ-ಎ-ಎ. ಇನ್ನೊಂದು ತುದಿಯ ಮೊದಲ ಮೂರು ಅಕ್ಷರ ಟಿ-ಟಿ-ಸಿ.

ನನಗೆ ಅರ್ಥವಾಯಿತು. ಆಗಲೇ, ಅಲ್ಲೇ, ಅವರ ವಾಕ್ಯ ಮುಗಿಯುವ ಮೊದಲೇ. ಆರು ಅಕ್ಷರಗಳು ಬಳೆ ಕೂಡುವ ಜಾಗದಲ್ಲಿದ್ದವು. ದುಂಡಗಿದ್ದಾಗ ಅವು ಒಟ್ಟಿಗೆ ಇರುತ್ತವೆ. ಸಾಲಾಗಿ ಬಿಡಿಸಿದರೆ ಮೂರು ಈ ತುದಿಗೆ, ಮೂರು ಆ ತುದಿಗೆ. ಟೂಲ್ ಸಾಲನ್ನು ಸಾಲಾಗಿಯೇ ಓದಿತ್ತು. ನಾನೂ ಹಾಗೆಯೇ ಓದಿದ್ದೆ. ಪರೀಕ್ಷೆಯಲ್ಲಿ ಇಂಥ ಡಿಎನ್‌ಎಯ ಚಿತ್ರವನ್ನು ದುಂಡಗೆ ಬರೆದು ಅಂಕ ತೆಗೆದುಕೊಂಡವಳು, ಪರದೆಯ ಮೇಲೆ ಸಾಲಾಗಿ ಕಂಡದ್ದನ್ನು ಸಾಲೆಂದೇ ನಂಬಿದ್ದೆ. ಯಾವುದನ್ನೂ ಕೇಳದೆ ನಂಬಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವಳು ಒಂದು ಗುಂಡಿಯನ್ನು ಕೇಳದೆ ನಂಬಿದ್ದೆ.

ಚರ್ಚೆಯಲ್ಲಿ ಒಂದು ಉಪಾಯವಿದೆ. ಎದುರಾಳಿಯ ಹತ್ತಿರ ಸತ್ಯ ಇದ್ದು ಅದನ್ನು ಹೇಳಲು ಅವರಿಗೆ ಮೂರು ವಾಕ್ಯ ಬೇಕಿದ್ದರೆ, ಒಂದೇ ಪದದ ಉತ್ತರ ಬೇಡುವ ಪ್ರಶ್ನೆ ಕೇಳಿಬಿಡಬೇಕು.

"ಮೇಡಂ, ಒಂದೇ ಪ್ರಶ್ನೆ," ಎಂದೆ. "ನೀವು ಕೊಟ್ಟ ಫೈಲಿನಲ್ಲಿ ಈ ಆರು ಅಕ್ಷರ ಒಟ್ಟಿಗೆ ಎಲ್ಲಾದ್ರೂ ಇದ್ಯಾ? ಇದೆ, ಇಲ್ಲ. ಅಷ್ಟು ಹೇಳಿ."

"ಫೈಲಲ್ಲಿ ಒಟ್ಟಿಗೆ ಇಲ್ಲ, ಆದ್ರೆ..."

"ಥ್ಯಾಂಕ್ಯೂ ಮೇಡಂ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವರೇ ಒಪ್ಪಿಕೊಂಡ್ರಲ್ಲಮ್ಮ," ಎಂದು ನನಗೆ ಹೇಳಿ, "ಎರಡು ದಿನದಲ್ಲಿ ತಿಳಿಸ್ತೀನಿ," ಎಂದು ಇಬ್ಬರನ್ನೂ ಕಳಿಸಿದರು. ಮೇಡಂ ಬಳೆಯನ್ನು ಎತ್ತಿಕೊಳ್ಳದೆ ಎದ್ದುಹೋದರು. ಅದನ್ನು ನಾನೇ ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ... ಸಾಕ್ಷಿಯನ್ನು ಮೇಜಿನ ಮೇಲೆ ಬಿಟ್ಟುಬರಬಾರದು ಎಂಬುದಕ್ಕೇ ಇರಬೇಕು.

ನೇರ ಲ್ಯಾಬಿಗೆ ಹೋಗಿ ಟೂಲ್ ತೆರೆದೆ. ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಆಯ್ಕೆ ಇತ್ತು: ಈ ಸಾಲು ದುಂಡಗಿನದೇ? ಅದರ ಪಕ್ಕದ ಚೌಕ ಖಾಲಿ ಇತ್ತು. ಮೊದಲಿಂದಲೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಟಿಕ್ ಮಾಡಿದೆ. ಒತ್ತಿದೆ.

ಒಂದು.

ನನಗೆ ಎರಡು ದಿನವಿತ್ತು. ಪ್ರಿನ್ಸಿಪಾಲರ ಕೋಣೆ ಮೆಟ್ಟಿಲಿಳಿದರೆ ಸಿಗುತ್ತಿತ್ತು. 'ಸಾರ್, ನಾನು ತಪ್ಪು, ಮೇಡಂ ಸರಿ' ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಆ ಎರಡು ದಿನ ನನ್ನೊಳಗೇ ವಾದ ಮಾಡಿದೆ, ಎರಡೂ ಪಕ್ಷ ನಾನೇ. ಆಕೆ ಅವಮಾನಿಸಿದ್ದು ನಿಜ ತಾನೇ? ನಿಜ. ಸೊನ್ನೆಯೋ ಒಂದೋ, ಅದರಿಂದ ಅವಮಾನ ಸುಳ್ಳಾಗುತ್ತದೆಯೇ? ಇಲ್ಲ. ಹಾಗಾದರೆ ದೂರಿನ ಉಳಿದ ಅಂಶಗಳು ನಿಂತೇ ಇವೆ. ಇಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ವಾದಿಸಿರಲಿಲ್ಲ. ಒಂದನ್ನು ಮಾತ್ರ ಬಿಟ್ಟು ವಾದಿಸಿದೆ: ಅವರ ಕೆಲಸ ಹೋಗುವುದು ಉಳಿದ ಅಂಶಗಳಿಂದಲ್ಲ, ಆ ಸೊನ್ನೆಯಿಂದ.

ಮುಂದಿನ ವರ್ಷದ ಕಾಗದ ಅವರಿಗೆ ಬರಲಿಲ್ಲ.

ಅವರ ಕೊನೆಯ ದಿನ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಎದುರಾದರು. ಒಂಬತ್ತು ವರ್ಷದ ಸಾಮಾನು ಎರಡು ಬಟ್ಟೆ ಚೀಲದಲ್ಲಿತ್ತು. ಒಂದನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ಸಿಕ್ಕಿಸುತ್ತ, ನನ್ನತ್ತ ನೋಡದೆ ಕೇಳಿದರು:

"ನೋಡಿದ್ಯಾ?"

"ಏನ್ ಮೇಡಂ?"

"ಆ ಚೌಕ."

"ಇಲ್ಲ ಮೇಡಂ."

ಅವರು ಹೆಲ್ಮೆಟ್ ಹಾಕಿಕೊಂಡರು. ಆಮೇಲೆ ಗಾಜು ಮೇಲೆತ್ತಿ, ಮೊದಲ ಸಲ ಒಂದೊಂದು ಪದವೂ ಸ್ಪಷ್ಟವಾಗಿ ಕೇಳುವಂತೆ ಹೇಳಿದರು. "ನೋಡಿರ್ತೀಯ. ನೋಡದೆ ಬಿಡೋಳಲ್ಲ ನೀನು. ಆ ಇಪ್ಪತ್ತೈದು ಜನದಲ್ಲಿ ನೋಡೋಳು ನೀನೊಬ್ಬಳೇ."

ಸ್ಕೂಟರ್ ಹೊರಟುಹೋಯಿತು. ಮೂರು ವರ್ಷದಲ್ಲಿ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ. ಒಳ್ಳೆಯ ಮಾತೋ, ಎಲ್ಲಕ್ಕಿಂತ ಕೆಟ್ಟ ಬೈಗುಳವೋ... ನಾನಿನ್ನೂ ತೀರ್ಮಾನಿಸಿಲ್ಲ.

ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬಂದವರು ನಮ್ಮ ರೆಕಾರ್ಡುಗಳನ್ನು ಅಟ್ಟಿಯಾಗಿ ಪೇರಿಸಿಕೊಂಡು, ಪುಟ ತಿರುಗಿಸುತ್ತ, ನೋಡದೆ ಸಹಿ ಹಾಕಿದರು. ನನ್ನ ಸೊನ್ನೆಯ ಪಕ್ಕ ಒಂದು ಸರಿ ಗುರುತು, ಹತ್ತಕ್ಕೆ ಹತ್ತು. ಕೆಂಪು ಅಡ್ಡಗೆರೆಯ ಮೇಲೇ ಹಾಕಿದ್ದರು. ನಾನು ಪಾಸಾದೆ, ಬಯಾಲಜಿ ಬಿಟ್ಟು ಕಾನೂನಿಗೆ ಬಂದೆ. ಅಡ್ಡಹೆಸರು ಇಟ್ಟವರಿಗೆ ಅದು ಗೊತ್ತಾಗಿದ್ದರೆ ಏನನ್ನುತ್ತಿದ್ದರೋ.

ಜೆರಾಕ್ಸ್ ಅಂಗಡಿಯಿಂದ ಬಂದ ಮರುದಿನ ಕುರುಬರಹಳ್ಳಿಗೆ ಹೋದೆ. ಅವರಿದ್ದ ಮನೆಯ ಭಾಗದಲ್ಲಿ ಈಗ ಹಲ್ಲಿನ ಕ್ಲಿನಿಕ್ಕಿದೆ. ಅಲ್ಲಿ ಕೂತಿದ್ದವರಿಗೆ ಹಿಂದೆ ಯಾರಿದ್ದರೆಂದು ತಿಳಿಯದು. ಸಂಜೆ ಕೆಂಗೇರಿಯವಳಿಗೆ ಫೋನ್ ಮಾಡಿದೆ. ಅವಳೀಗ ಒಂದು ಪ್ರಯೋಗಾಲಯದಲ್ಲಿ ಇಂಥದೇ ಸಾಲುಗಳನ್ನು ಹುಡುಕುವ ಕೆಲಸದಲ್ಲಿದ್ದಾಳೆ.

"ನಂಬರ್ ಇದೆ," ಎಂದಳು. "ಯಾಕೆ ಬೇಕು? ಸಾರಿ ಕೇಳಕ್ಕಾ, ವಾದ ಮಾಡಕ್ಕಾ?"

ಒಂದೇ ಪದದ ಉತ್ತರ ಬೇಡುವ ಪ್ರಶ್ನೆ. ನನಗೆ ಮೂರು ವಾಕ್ಯ ಬೇಕಿತ್ತು. ಅವರು ಅವಮಾನಿಸಿದ್ದೂ ನಿಜ ಎಂದು ಶುರು ಮಾಡಿದೆ...

"ಆಯ್ತು ಬಿಡು," ಎಂದಳು. "ಕೊಡಲ್ಲ ಕಣೇ. ಅವ್ರು ಈಗ ಆರಾಮಾಗಿದಾರೆ. ನಿನ್ನ ಮರ್ತಿದಾರೆ ಅನ್ಕೊಂಡಿದೀನಿ, ಹಾಗೇ ಇರಲಿ."

ಫೋನ್ ಇಟ್ಟ ಮೇಲೆ ಟ್ರಂಕಿನ ತಳದಿಂದ ಹಳೆಯ ರೆಕಾರ್ಡ್ ತೆಗೆದೆ. ಬಳೆ ಆ ಪುಟದಲ್ಲೇ ಇತ್ತು. ಅದೀಗ ಬಳೆಯಲ್ಲ, ಮಡಿಕೆ ಬಿದ್ದ ಒಂದು ಪಟ್ಟಿ. ತುದಿಗಳಲ್ಲಿ ಗೋಂದು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿದೆ. ವಾಸನೆ ಹೋಗಿದೆ. ಮೂರು ಅಕ್ಷರ ಈ ತುದಿಯಲ್ಲಿ, ಮೂರು ಆ ತುದಿಯಲ್ಲಿ. ಪೆನ್ನು ತೆಗೆದುಕೊಂಡು ಪುಟದ ಸೊನ್ನೆಯನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಒಂದು ಎಂದು ಬರೆದೆ. ತಿದ್ದಿದ್ದಕ್ಕೆ ಮೇಡಂ ಸಹಿ ಇರಬೇಕು, ಅದು ಅವರದೇ ನಿಯಮ. ಪುಟದ ಕೆಳಗೆ ನೋಡಿದೆ. ಸಹಿಯ ಜಾಗದಲ್ಲಿ ಆಗಲೇ ಬೇರೆಯವರ ಸಹಿ ಇತ್ತು.